ನೇರಳೆ ಪ್ಯಾಂಟಿಗೆ ಬೂರುಗದ ಹತ್ತಿ

ಓಂಕಾರಪ್ಪನ ಆ ಶುಕ್ರವಾರದ ಕಷ್ಟಕ್ಕೆಲ್ಲ ಮೂಲ ಒಂದು ವಾಸನೆ. ಹೊಸ ಪ್ಯಾಂಟಿನ ಪ್ಲಾಸ್ಟಿಕ್ ವಾಸನೆ.

ಪ್ಯಾಂಟು ಎಂದರೆ ನಾವು ನೀವು ಹಾಕುವ ಪ್ಯಾಂಟಲ್ಲ. ಹಿಮದ ಮೇಲೆ ಜಾರುವ ಆಟಕ್ಕೆಂದು ಹೆಂಗಸರಿಗಾಗಿಯೇ ಹೊಲಿದದ್ದು. ಹೊರಗೆ ನೀರು ಹಿಡಿಯದ ನೇರಳೆ ಬಟ್ಟೆ, ಒಳಗೆ ಬೆಚ್ಚಗಿನ ತೆಳು ಪದರ, ಸೊಂಟದ ಹತ್ತಿರ ಬೆಳ್ಳಿ ದಾರದಲ್ಲಿ ಒಂದು ಹೂವು. ಕೆನಡಾಕ್ಕೆ ಹೋಗಿಬಂದ ಅಪೂರ್ವಾ ಎಂಬ ಸಹೋದ್ಯೋಗಿ ಅದನ್ನು ಓಂಕಾರಪ್ಪನ ಹೆಂಡತಿ ಹಂಸಾಳಿಗೆ ತಂದುಕೊಟ್ಟಿದ್ದಳು. ಹಂಸಾ ಇದ್ದದ್ದು ಕೋಲ್ಕತ್ತದ ಸಾಲ್ಟ್ ಲೇಕಿನ ಸೆಕ್ಟರ್ ಫೈವಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಆಫೀಸಿನಲ್ಲಿ ಅದಕ್ಕೆ ಒಳ್ಳೆಯ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಅದೇ ಕೆಲಸವನ್ನು ಅವಳು ಪುಕ್ಕಟೆಯಾಗಿ ಮಾಡುತ್ತಿದ್ದಳು.

ಅದು ಸಾಫ್ಟ್‌ವೇರ್ ಕಂಪನಿಗಳು ದುಡ್ಡನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ ಬೆಟ್ಟದ ಮೇಲೂ ಸುರಿಯುತ್ತಿದ್ದ ಕಾಲ. ದೊಡ್ಡ ಪ್ರಾಜೆಕ್ಟೊಂದು ಮುಗಿದ ಖುಷಿಗೆ ಹಂಸಾಳ ಕಂಪನಿ ಇಡೀ ತಂಡವನ್ನು ಒಂದು ವಾರ ಗುಲ್‌ಮಾರ್ಗಿಗೆ ಕರೆದುಕೊಂಡು ಹೊರಟಿತ್ತು. ಸಂಜೆ ಹೌರಾದಿಂದ ದಿಲ್ಲಿಯ ರೈಲು. ಅಲ್ಲಿಂದ ಮುಂದೆ ವಿಮಾನ, ಆಮೇಲೆ ಹಿಮ.

ಬೆಳಿಗ್ಗೆ ಅರ್ಧ ದಿನದ ಕೆಲಸಕ್ಕೆ ಹೊರಟ ಹಂಸಾ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದಳು.

"ರೀ, ಕುರ್ಚಿ ಮ್ಯಾಲಿರೋ ಪ್ಯಾಂಟನ್ನ ಬಾಲ್ಕನಿನಾಗೆ ಬಿಸಿಲಿಗೆ ಹಾಕ್ರಿ. ವಾಸನೆ ಹೋಗ್ಲಿ. ಬ್ಯಾರೆ ಏನೂ ಮಾಡಬ್ಯಾಡ್ರಿ."

"ಪ್ಯಾಂಟಿಗೆ ಬ್ಯಾರೆ ಏನು ಮಾಡಕ್ಕಾಗುತ್ತೆ?"

"ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದಕ್ಕೇ ಮೊದ್ಲೇ ಹೇಳಿದ್ದು."

ಸ್ಕೂಲಿನ ಯೂನಿಫಾರ್ಮಿನಲ್ಲಿ ಅಮ್ಮನ ಕೈ ಹಿಡಿದು ನಿಂತಿದ್ದ ಮಗಳು ಅಕ್ಷರಾ ಕಾರಣವಿಲ್ಲದೆ ಕಿಸಕ್ಕನೆ ನಕ್ಕಳು. ನಾಲ್ಕನೇ ಕ್ಲಾಸಿನ ಹುಡುಗಿಯರು ಹಾಗೆ ನಗುವುದುಂಟು ಎಂದುಕೊಂಡು, ಹೆಂಡತಿಯನ್ನು ರೈಲು ಹತ್ತಿಸಲೆಂದು ಆ ದಿನ ರಜೆ ಹಾಕಿದ್ದ ಓಂಕಾರಪ್ಪ ಬಾಗಿಲು ಹಾಕಿದ.

ಅವನ ಮನಸ್ಸಿನಲ್ಲಿದ್ದದ್ದು ಪ್ಯಾಂಟಲ್ಲ, ಕೇರಂ ಬೋರ್ಡು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಾವಣಗೆರೆಯ ಓಂಕಾರಪ್ಪ ಬಿಬಿಡಿ ಬಾಗಿನ ಕೇಂದ್ರ ಸರ್ಕಾರಿ ಕಚೇರಿಯೊಂದಕ್ಕೆ ವರ್ಗವಾಗಿ ಬಂದು, ದಕ್ಷಿಣೇಶ್ವರದ ಈ ಗಲ್ಲಿಯಲ್ಲಿ ಬಾಡಿಗೆಗಿದ್ದು ಆರು ವರ್ಷವಾಗಿತ್ತು. ಆರು ವರ್ಷವೂ ಗಲ್ಲಿಯ ಪಾಲಿಗೆ ಅವನು ಬರೀ 'ಮದ್ರಾಸಿಬಾಬು'. ದಾವಣಗೆರೆಗೂ ಮದ್ರಾಸಿಗೂ ಇರುವ ದೂರವನ್ನು ವಿವರಿಸಿ ವಿವರಿಸಿ ಅವನ ಗಂಟಲು ಒಣಗಿತ್ತು. ಈ ವರ್ಷ ಮಾತ್ರ ಒಂದು ಪವಾಡ ನಡೆಯಿತು. ನೆಲಮಹಡಿಯ ಘೋಷ್‌ಬಾಬುವಿನ ಜೊತೆಗಾರ ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದರಿಂದ ಗಲ್ಲಿಯ ಕ್ಲಬ್ಬಿನ ಕೇರಂ ಪಂದ್ಯಕ್ಕೆ ಓಂಕಾರಪ್ಪನನ್ನು ಸೇರಿಸಿಕೊಂಡರು. ಅವನ ಬೆರಳು ಇಷ್ಟು ದಿನ ಎಲ್ಲಿ ಅಡಗಿತ್ತೋ, ಒಂದೊಂದೇ ಜೋಡಿಯನ್ನು ಸೋಲಿಸುತ್ತ ಇಬ್ಬರೂ ಫೈನಲಿಗೆ ಬಂದರು. ಭಾನುವಾರ ಫೈನಲ್. ಸೆಮಿಫೈನಲ್ ಗೆದ್ದ ಸಂಜೆಯಿಂದ ಗಲ್ಲಿಯ ಮೀನಿನವನೂ ಸಸ್ಯಾಹಾರಿಯಾದ ಅವನನ್ನು "ಓಂಕಾರ್‌ಬಾಬು" ಎಂದು ಕೂಗಿ ನಮಸ್ಕಾರ ಹೇಳುತ್ತಿದ್ದ. ಆ ಒಂದು ಹೆಸರಿಗಾಗಿ ಓಂಕಾರಪ್ಪ ಏನು ಬೇಕಾದರೂ ಮಾಡಲು ಸಿದ್ಧನಿದ್ದ.

ಅಡ್ಡಿ ಇದ್ದದ್ದು ಒಂದೇ, ಅವನ ಅತ್ತೆ ಇಂದಿರಮ್ಮ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿ ನಿವೃತ್ತರಾದವರು. ಮನೆಗೆ ಬಂದರೆ ಬೆಳಗಿನ ಜಾವಕ್ಕೆ ಅಳಿಯನನ್ನು ಎಬ್ಬಿಸಿ ಕೈಕಾಲು ಆಡಿಸುವವರು. ಹಂಸಾ ಇಲ್ಲದ ವಾರದಲ್ಲಿ ಅಕ್ಷರಾಳನ್ನು ನೋಡಿಕೊಳ್ಳಲು ಅವರನ್ನು ಕರೆಸುವ ಮಾತು ಎದ್ದಾಗ ಓಂಕಾರಪ್ಪನಿಗೆ ಮೊದಲು ನೆನಪಾದದ್ದು ಕೇರಂ. ಕ್ಲಬ್ಬು, ಜೂಜು ಎಂದು ಗದರುವ ಅವರು ಸಂಜೆಗಳಲ್ಲಿ ಆಡಲು ಎಲ್ಲಿ ಬಿಡುತ್ತಾರೆ?

"ಅತ್ತೆಗೆ ಯಾಕೆ ತೊಂದ್ರೆ, ನಾನೇ ಎಲ್ಲ ನೋಡ್ಕಂತೀನಿ," ಎಂದಿದ್ದ.

"ನೋಡೋಣ," ಎಂದಿದ್ದಳು ಹಂಸಾ.

ಮದುವೆಯಾಗಿ ಹತ್ತು ವರ್ಷವಾದರೂ ಓಂಕಾರಪ್ಪ 'ನೋಡೋಣ' ಎಂಬುದನ್ನು ಒಪ್ಪಿಗೆ ಎಂದೇ ತಿಳಿದಿದ್ದ. ಈ ಒಂದು ದಿನ ತಾನು ಯಾವ ಯಡವಟ್ಟೂ ಮಾಡಿಕೊಳ್ಳದಿದ್ದರೆ ಸಾಕು, ಹಂಸಾಳಿಗೆ ನಂಬಿಕೆ ಬರುತ್ತದೆ, ಅತ್ತೆ ದಾವಣಗೆರೆಯಲ್ಲೇ ಉಳಿಯುತ್ತಾರೆ, ಭಾನುವಾರ ತನ್ನದಾಗುತ್ತದೆ ಎಂಬುದು ಅವನ ಲೆಕ್ಕ. ಹಾಗಾಗಿ ಪ್ಯಾಂಟನ್ನು ಎರಡೂ ಕೈಯಲ್ಲಿ ದೇವರ ವಸ್ತ್ರದಂತೆ ಹಿಡಿದುಕೊಂಡು ಹೋಗಿ ಬಾಲ್ಕನಿಯ ಹಗ್ಗಕ್ಕೆ ಹಾಕಿದ. ಕ್ಲಿಪ್ಪು ಹಾಕಿರೆಂದು ಹಂಸಾ ಹೇಳಿರಲಿಲ್ಲ. ಬೇರೆ ಏನೂ ಮಾಡಬೇಡಿ ಎಂದಿದ್ದಳಲ್ಲ, ಅವನು ಹಾಕಲಿಲ್ಲ.

ಗಂಗೆಯ ಕಡೆಯಿಂದ ಸಣ್ಣಗೆ ಗಾಳಿ ಬೀಸಿತು. ಪ್ಯಾಂಟು ಎರಡೂ ಕಾಲು ಅಗಲಿಸಿ ಹಾರಿ, ನೆಲಮಹಡಿಯ ಜಗಲಿಯಲ್ಲಿ ಕೇರಂ ಬೋರ್ಡಿಗೆ ಪೌಡರು ಹಾಕುತ್ತಿದ್ದ ಘೋಷ್‌ಬಾಬುವಿನ ತಲೆಯ ಮೇಲೆ ಬಂದು ಕೂತಿತು.

ಓಂಕಾರಪ್ಪ ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ಘೋಷ್‌ಬಾಬು ಪ್ಯಾಂಟನ್ನು ಬೋರ್ಡಿನ ಮೇಲೆ ಹರಡಿ ಪರೀಕ್ಷೆ ನಡೆಸಿದ್ದರು. ಹಿತವಾದ ಬಿಸಿಲು. ದಾವಣಗೆರೆಯಾಗಿದ್ದರೆ ಇಂಥ ದಿನ ಜನ ಫ್ಯಾನು ಹಾಕಿಕೊಳ್ಳುತ್ತಿದ್ದರು. ಆದರೆ ಡಿಸೆಂಬರ್ ಬಂತೆಂದರೆ ಕೋಲ್ಕತ್ತದಲ್ಲಿ ಚಳಿಯಾಗಲೇಬೇಕು. ಘೋಷ್‌ಬಾಬು ಮಂಕಿ ಟೋಪಿ, ಮಫ್ಲರು, ಸ್ವೆಟರು, ಅದರ ಮೇಲೊಂದು ಶಾಲು ಎಲ್ಲವನ್ನೂ ಧರಿಸಿದ್ದರು. ಕಣ್ಣು ಮೂಗು ಮಾತ್ರ ಈ ಲೋಕಕ್ಕೆ ಕಾಣುತ್ತಿದ್ದವು. ಅವರೊಡನೆ ಓಂಕಾರಪ್ಪ ಆಡುತ್ತಿದ್ದದ್ದು ಹಿಂದಿಯೂ ಬಂಗಾಳಿಯೂ ಅಲ್ಲದ ಒಂದು ಕಲಬೆರಕೆ ಭಾಷೆ. ಅದನ್ನು ಕನ್ನಡದಲ್ಲೇ ಹೇಳುವುದು ಎಲ್ಲರಿಗೂ ಕ್ಷೇಮ.

"ಓಂಕಾರ್‌ಬಾಬು, ಇದನ್ನು ಹಾಕಿಕೊಂಡು ನಿಮ್ಮ ಮನೆಯವರು ಕಾಶ್ಮೀರಕ್ಕೆ ಹೋಗುವುದೇ?" ಘೋಷ್‌ಬಾಬು ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. "ಹಪ್ಪಳದ ಹಾಗಿದೆಯಲ್ಲ."

"ಹಿಮಕ್ಕೆ ಅಂತಲೇ ಮಾಡಿದ್ದು ದಾದಾ. ಕೆನಡಾದ್ದು."

"ಕೆನಡಾದವರಿಗೆ ಚಳಿಯ ಬಗ್ಗೆ ಏನು ಗೊತ್ತು? ನಾನು ರೈಲ್ವೆಯಲ್ಲಿದ್ದಾಗ ಡಾರ್ಜಿಲಿಂಗಿಗೆ ಹೋಗಿದ್ದೆ. ಮೂರು ಪ್ಯಾಂಟು ಹಾಕಿದ್ದರೂ ಮಂಡಿಗೆ ಗಾಳಿ ಹೊಕ್ಕಿತು. ಆ ಗಾಳಿ ಇನ್ನೂ ಹೊರಗೆ ಬಂದಿಲ್ಲ, ಬೇಕಾದರೆ ಬೌದಿಯನ್ನು ಕೇಳಿ."

ಬೌದಿ ಎಂದರೆ ಘೋಷ್‌ಬಾಬುವಿನ ಹೆಂಡತಿ, ಗಲ್ಲಿಗೆಲ್ಲ ಅತ್ತಿಗೆ. ಅವರು ಹೊರಗೆ ಬಂದು ಪ್ಯಾಂಟನ್ನು ಮುಟ್ಟಿ, ಮಗುವಿಗೆ ಜ್ವರ ಬಂದಾಗ ಮಾಡುವಂಥ ಮುಖ ಮಾಡಿದರು. "ಅಯ್ಯೋ ಪಾಪ, ಹಂಸಾ ಮಂಜುಗಡ್ಡೆಯಾಗಿ ಬರುತ್ತಾಳೆ. ಗಂಡನಾದವರು ನೀವಾದರೂ ನೋಡಬಾರದೇ?"

ಗಂಡನಾದವನಿಗೆ ಎದೆಯಲ್ಲಿ ಚುಳ್ಳೆಂದಿತು. ಬಟ್ಟೆ ನಿಜಕ್ಕೂ ತೆಳ್ಳಗಿತ್ತು. ಹಂಸಾಳಿಗೆ ನೆಗಡಿ ಬಂದರೂ ಹತ್ತು ದಿನ ಬಿಡುವುದಿಲ್ಲ. ಇಷ್ಟರಲ್ಲೇ ಗಲ್ಲಿಯ ತಿರುವಿನಿಂದ 'ಟಂಯ್ ಟಂಯ್' ಎಂಬ ಸದ್ದು ತೇಲಿ ಬಂತು. ಹತ್ತಿ ಹಿಂಜುವವನು. ಚಳಿಗಾಲ ಬಂದರೆ ಬಿಲ್ಲಿನಂಥ ಉಪಕರಣ ಹೆಗಲಿಗೆ ಹಾಕಿಕೊಂಡು, ತಂತಿ ಮೀಟುತ್ತ, ಹಳೆಯ ರಜಾಯಿಗಳನ್ನು ಬಿಚ್ಚಿ ಹತ್ತಿ ಹಿಂಜಿ ಮತ್ತೆ ತುಂಬಿಕೊಡುತ್ತ ಗಲ್ಲಿಗಲ್ಲಿ ಸುತ್ತುವ ಇವನನ್ನು ಇಲ್ಲಿಯವರು ಧುನುರಿ ಅನ್ನುತ್ತಾರೆ, ಓಂಕಾರಪ್ಪನ ಊರಲ್ಲಿ ಪಿಂಜಾರ.

ಆ ಸದ್ದು ಕೇಳಿದ್ದೇ ತಡ, ಓಂಕಾರಪ್ಪನೊಳಗಿನ ದಾವಣಗೆರೆ ಎದ್ದು ಕೂತಿತು. ಅವನ ತಂದೆ ಹತ್ತಿ ಮಿಲ್ಲಿನಲ್ಲಿ ಜೀವನ ಸವೆಸಿದವರು. ಬೇರೆ ಯಾವ ವಿಷಯದಲ್ಲೂ ಅವನಿಗೆ ಧೈರ್ಯವಿಲ್ಲದಿದ್ದರೂ ಹತ್ತಿಯ ವಿಷಯದಲ್ಲಿ ಯಾರೂ ತನಗೆ ಬುದ್ಧಿ ಹೇಳಬಾರದೆಂಬ ಒಂದು ಗತ್ತಿತ್ತು.

"ಬೂರುಗದ ಹತ್ತಿ ಇದೆಯೇನಪ್ಪ?" ಎಂದು ಧುನುರಿಯನ್ನು ಕೂಗಿ ಕೇಳಿದ.

"ಇದೆ ಬಾಬು. ರಜಾಯಿಯೋ, ದಿಂಬೋ?"

"ಪ್ಯಾಂಟು."

ಧುನುರಿ ಬಿಲ್ಲನ್ನು ಕೆಳಗಿಟ್ಟ. ಪ್ಯಾಂಟನ್ನು ನೋಡಿದ, ಓಂಕಾರಪ್ಪನ ಮುಖ ನೋಡಿದ. "ಬಾಬು, ಅಪ್ಪನ ಕಾಲದಿಂದ ಈ ಕೆಲಸದಲ್ಲಿದ್ದೇವೆ. ಕಾಲಿರುವ ರಜಾಯಿ ತುಂಬಿದ್ದಿಲ್ಲ."

"ಎರಡು ಉದ್ದ ದಿಂಬು ಅಂದುಕೋ," ಎಂದರು ಘೋಷ್‌ಬಾಬು.

ಹಾಗೆ ಅಂದುಕೊಂಡ ಮೇಲೆ ಧುನುರಿಗೆ ಕೆಲಸ ಸಲೀಸಾಯಿತು. ಜಗಲಿಯಲ್ಲಿ ಹತ್ತಿಯ ಮೋಡ ಎದ್ದಿತು. ಕಾಲಿನ ಅಂಚು ಬಿಚ್ಚುವಾಗ ಬೌದಿ ಒಂದು ವಿಷಯ ಕಂಡುಹಿಡಿದರು.

"ಇದೇನು, ಇಷ್ಟು ಉದ್ದ? ಹಂಸಾ ಇದರೊಳಗೆ ಮುಳುಗಿಹೋಗುತ್ತಾಳೆ."

ನಿಜ. ಹಂಸಾ ಕುಳ್ಳಿ, ಓಂಕಾರಪ್ಪನ ಭುಜಕ್ಕೂ ಬರುವುದಿಲ್ಲ. ಪರದೇಶದ ಹೆಂಗಸರೆಲ್ಲ ಏಣಿಯ ಹಾಗಿರುತ್ತಾರೆಂದು ಘೋಷ್‌ಬಾಬು ಸಮಾಧಾನ ಹೇಳಿದರು. ಓಂಕಾರಪ್ಪ ಮೇಲೆ ಹೋಗಿ ಹಂಸಾಳ ಸಲ್ವಾರೊಂದನ್ನು ಅಳತೆಗೆ ತಂದ. ಬೌದಿ ತಮ್ಮ ಹೊಲಿಗೆ ಮಷೀನು ಹೊರಗೆ ತರಿಸಿ, ಎರಡೂ ಕಾಲಿನಲ್ಲಿ ಒಂದೊಂದು ಗೇಣು ಕತ್ತರಿಸಿ, ಹತ್ತಿ ತುಂಬಿದ ಮೇಲೆ ಅಂಚು ಬಿಗಿಯಾಗಿ ಹೊಲಿದರು. ಕತ್ತರಿಸಿದ ತುಂಡುಗಳು ಬೆಚ್ಚಗಿವೆಯೆಂದು ಘೋಷ್‌ಬಾಬು ಎರಡೂ ಮುಂಗೈಗೆ ತೊಟ್ಟುಕೊಂಡರು. ಕೇರಂ ಆಡುವಾಗ ಮಣಿಕಟ್ಟಿಗೆ ಗಾಳಿ ಹೊಗುವುದಿಲ್ಲವಂತೆ.

ಕೆಲಸ ಮುಗಿಸಿ ಧುನುರಿ ಪ್ಯಾಂಟನ್ನು ನೆಲದ ಮೇಲಿಟ್ಟು, ಕೂಲಿ ತೆಗೆದುಕೊಂಡು ಹೊರಟ. ಅದು ಬೀಳಲಿಲ್ಲ. ಒಳಗೆ ಯಾರೂ ಇಲ್ಲದೆಯೇ, ಪೊಲೀಸನ ಹಾಗೆ ನೆಟ್ಟಗೆ ನಿಂತಿತು.

ಮೂವರೂ ಅದರ ಸುತ್ತ ಒಂದು ಸುತ್ತು ಬಂದರು.

"ಹಿಮ ಹತ್ತಿರ ಸುಳಿಯುವುದಿಲ್ಲ," ಎಂದರು ಘೋಷ್‌ಬಾಬು, ದನಿಯಲ್ಲಿ ಸ್ವಲ್ಪ ಅನುಮಾನ.

"ಕೂರಲಿಕ್ಕೆ ಆಗುತ್ತದೋ ನೋಡಬೇಕಲ್ಲ," ಎಂದರು ಬೌದಿ. "ಯಾರಾದರೂ ಹಾಕಿ ನೋಡಿ. ನಾನಂತೂ ಇಲ್ಲ."

ಯಾರಾದರೂ ಎಂದರೆ ಓಂಕಾರಪ್ಪ. ಅವನು ಪಾಯಿಜಾಮದ ಮೇಲೆಯೇ ಪ್ಯಾಂಟಿನೊಳಗೆ ಇಳಿದ. ಕಾಲು ಮೀನಖಂಡದ ಅರ್ಧಕ್ಕೇ ನಿಂತಿತು, ಆದರೆ ಸೊಂಟ ಅವನಿಗೇ ಅಳತೆ ತೆಗೆದ ಹಾಗೆ ಕೂತಿತು. ಘೋಷ್‌ಬಾಬು ಹೆಂಡತಿಯ ಕಡೆ ಬಗ್ಗಿ, "ಹಂಸಾಳ ಸೊಂಟ ಅಷ್ಟಿದೆಯೇ?" ಎಂದು ಪಿಸುಗುಟ್ಟಿದರು. ಬೌದಿ ಕಣ್ಣು ಬಿಟ್ಟು ನೋಡಿದ್ದರಿಂದ ಆ ಬಹುಮೂಲ್ಯ ಪ್ರಶ್ನೆ ಅಲ್ಲಿಗೇ ಸತ್ತಿತು.

ಕೂರಲು ನೋಡಿದ, ಆಗಲಿಲ್ಲ. ಬಗ್ಗಲು ನೋಡಿದ, ಅದೂ ಆಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ನೂಕಿದಾಗ ಜಗಲಿಯ ಕಟ್ಟೆಗೆ ಏಣಿಯಂತೆ ಓರೆಯಾಗಿ ಒರಗಿದ, ಅಷ್ಟೇ. ತೆಗೆದುಬಿಡೋಣವೆಂದು ಜಿಪ್ ಎಳೆದ. ಜಿಪ್ಪಿಗೆ ಬೂರುಗದ ಹತ್ತಿ ಸಿಕ್ಕಿಕೊಂಡಿತ್ತು. ಘೋಷ್‌ಬಾಬು ಸಹಾಯಕ್ಕೆ ಬಂದು ಬಲವಾಗಿ ಎಳೆದರು. ಜಿಪ್ಪಿನ ಹಿಡಿ ಕಿತ್ತು ಅವರ ಕೈಗೆ ಬಂತು. ಧುನುರಿಯನ್ನು ಕೂಗೋಣವೆಂದರೆ ಅವನ 'ಟಂಯ್ ಟಂಯ್' ಆಗಲೇ ಎಷ್ಟೋ ಗಲ್ಲಿಗಳಾಚೆ ಕೇಳುತ್ತಿತ್ತು.

ಸರಿಯಾಗಿ ಆಗಲೇ ಮೊಬೈಲು ಹೊಡೆದುಕೊಂಡಿತು. ಆಫೀಸಿನಿಂದ ಬಾಲಕೃಷ್ಣ ಸಾಹೇಬರು. ಮೈಸೂರಿನವರು, ಓಂಕಾರಪ್ಪನ ಮೇಲಧಿಕಾರಿ.

"ಏನ್ರೀ ಓಂಕಾರಪ್ಪ, ಬೀರುವಿನ ಕೀ ಜೇಬಲ್ಲಿಟ್ಕೊಂಡು ಹೋಗಿದ್ದೀರಲ್ಲ. ಒಂದು ವಾರ ನಾವು ಏನು ಮಾಡೋಣ ಹೇಳಿ?"

"ಒಂದು ವಾರ ಯಾಕೆ ಸಾರ್, ಸೋಮವಾರ ನಾನೇ ಬರ್ತೀನಲ್ಲ."

ಆ ಕಡೆ ಒಂದು ಕೆಮ್ಮು ಕೇಳಿಸಿತು. "ಸೋಮವಾರ. ಹಾಂ, ಸರಿ. ಆದ್ರೂ ಈಗಲೇ ತಂದ್ಕೊಟ್ಬಿಡಿ. ಮಧ್ಯಾಹ್ನದೊಳಗೆ ಫೈಲು ಬೇಕು."

ಜಿಪ್ಪು ಬಿಚ್ಚಿಸಲು ಬಿಬಿಡಿ ಬಾಗಿನ ಫುಟ್‌ಪಾತಿಗಿಂತ ಒಳ್ಳೆಯ ಜಾಗವಿಲ್ಲ, ಅಲ್ಲಿ ಚೈನು ರಿಪೇರಿಯವರು ಸಾಲಾಗಿ ಕೂತಿರುತ್ತಾರೆ ಎಂದು ಘೋಷ್‌ಬಾಬು ಧೈರ್ಯ ತುಂಬಿದರು. "ಒಂದೇ ಓಡಾಟಕ್ಕೆ ಎರಡು ಕೆಲಸ. ಹೋಗಿಬನ್ನಿ ಓಂಕಾರ್‌ಬಾಬು. ಬೆರಳು ಮಾತ್ರ ಜೋಪಾನ, ಭಾನುವಾರ ಇದೆ." ಬೌದಿ ತಮ್ಮದೊಂದು ಶಾಲು ಕೊಟ್ಟರು. ಅದನ್ನು ಸೊಂಟಕ್ಕೆ ಸುತ್ತಿಕೊಂಡ ಓಂಕಾರಪ್ಪ ಒಂದೊಂದೇ ಕಾಲನ್ನು ಅರ್ಧಚಂದ್ರಾಕಾರವಾಗಿ ತಿರುಗಿಸಿ ಇಡುತ್ತ ಬಸ್ ಸ್ಟಾಪಿನ ಕಡೆ ಹೊರಟ.

ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಕೂರಲಾಗದ ಓಂಕಾರಪ್ಪನಿಗೆ ಅದರಿಂದ ನಷ್ಟವೇನಿರಲಿಲ್ಲ. ಕಂಡಕ್ಟರು ಅವನನ್ನೂ ಪ್ಯಾಂಟನ್ನೂ ನೋಡಿ, ಹಾಸಿಗೆ ಸುರುಳಿಗೆ ಬೇರೆ ಟಿಕೆಟ್ಟು ತೆಗೆಯಬೇಕಾಗುತ್ತದೆ ಎಂದ. ಇದು ಮೈಮೇಲಿರುವ ಬಟ್ಟೆಯೆಂದು ಓಂಕಾರಪ್ಪ ಶಾಲು ಸರಿಸಿ ತೋರಿಸಬೇಕಾಯಿತು. ಒಳಗೆ ಅವನ ಕಾಲುಗಳು ಕುಕ್ಕರಿನಲ್ಲಿಟ್ಟ ಆಲೂಗಡ್ಡೆಯಂತೆ ಬೇಯುತ್ತಿದ್ದವು. ಪಕ್ಕದ ಸೀಟಿನಲ್ಲಿದ್ದ ಮುದುಕರೊಬ್ಬರು ಅವನ ತೊಡೆಗೆ ತಲೆಯಾನಿಸಿ ಸುಖವಾಗಿ ನಿದ್ದೆ ಹೋದರು. ಬಿಬಿಡಿ ಬಾಗ್ ಬಂದು ಅವನು ಇಳಿಯಲು ನೋಡಿದಾಗ, "ಇನ್ನೆರಡು ಸ್ಟಾಪು ನಿಲ್ಲಲಾಗದೇ ಮಗಾ?" ಎಂದು ಕಣ್ಣು ತೆರೆಯದೆಯೇ ಕೇಳಿದರು.

ಆಫೀಸಿನಲ್ಲಿ ಬಾಲಕೃಷ್ಣ ಸಾಹೇಬರು ಕೀ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಒಂಥರಾ ಮೆಚ್ಚುಗೆಯಿತ್ತು.

"ಪರವಾಗಿಲ್ಲ ಕಣ್ರೀ. ಈಗಿಂದಲೇ ಹಾಕ್ಕೊಂಡು ಅಭ್ಯಾಸ ಮಾಡ್ತಾ ಇದ್ದೀರಾ?"

"ಇಲ್ಲ ಸಾರ್, ಇದು ನಮ್ಮನೆಯವಳದು."

"ಹಾಗೇ ಹೇಳ್ಬೇಕು, ಹಾಗೇ ಹೇಳ್ಬೇಕು," ಎಂದು ಸಾಹೇಬರು ನಗುತ್ತ ಫೈಲಿನೊಳಗೆ ಮುಖ ಹುದುಗಿಸಿದರು. ದೊಡ್ಡವರ ತಮಾಷೆ ಅರ್ಥವಾಗದಿದ್ದರೆ ನಕ್ಕುಬಿಡಬೇಕೆಂಬುದು ಸರ್ಕಾರಿ ನೌಕರಿಯಲ್ಲಿ ಓಂಕಾರಪ್ಪ ಕಲಿತಿದ್ದ ಮೊದಲ ಪಾಠ. ಅವನೂ ನಕ್ಕು ಹೊರಗೆ ಬಂದ.

ಫುಟ್‌ಪಾತಿನ ಚೈನು ರಿಪೇರಿಯವನು ಬ್ಯಾಗುಗಳ ಚೈನು ಬಲ್ಲವನು, ಮನುಷ್ಯ ಒಳಗಿರುವ ಪ್ಯಾಂಟನ್ನು ಕಂಡವನಲ್ಲ. ಅವನು ಕುಕ್ಕರುಗಾಲಲ್ಲಿ ಕೂತು ಇಕ್ಕಳ ಹೊರತೆಗೆದ. ಎಂಥ ಕೆಲಸವಿದ್ದರೂ ನಿಂತು ನೋಡಿ ಎರಡು ಮಾತು ಹೇಳಿ ಹೋಗುವುದು ಈ ಊರಿನ ಜನರ ಧರ್ಮ. ಸ್ವಲ್ಪ ಹೊತ್ತಿನಲ್ಲೇ ಓಂಕಾರಪ್ಪನ ಸುತ್ತ ಒಂದು ಸಭೆ ಸೇರಿತು. ಮೇಣದ ಬತ್ತಿ ಉಜ್ಜಿದರೆ ಜಿಪ್ಪು ಸಡಿಲಾಗುತ್ತದೆ ಎಂದ ಒಬ್ಬ ಬ್ಯಾಂಕಿನ ಗುಮಾಸ್ತ. ಸೋಪು ಉಜ್ಜಬೇಕು ಎಂದ ಇನ್ನೊಬ್ಬ. ನೋಡುತ್ತಿದ್ದ ಹಾಗೆ ಜನ ಮೇಣದ ಪಕ್ಷ, ಸೋಪಿನ ಪಕ್ಷ ಎಂದು ಎರಡಾಗಿ ಒಡೆದರು. ಮಾತು ಜಿಪ್ಪು ಬಿಟ್ಟು ಸರ್ಕಾರದ ಮೇಲೆ ಹೋಯಿತು. ನಾಟಕ ಕಂಪನಿಯವನಿರಬೇಕು, ಅದಕ್ಕೇ ಈ ವೇಷ ಎಂದು ಯಾರೋ ಹಿಂದಿನವರಿಗೆ ತಿಳಿಸಿದರು. ಕೊನೆಗೆ ರಿಪೇರಿಯವನು ಯಾವ ಪಕ್ಷವನ್ನೂ ಸೇರದೆ ಹಳೆಯ ರನ್ನರನ್ನು ಇಕ್ಕಳದಲ್ಲಿ ಕತ್ತರಿಸಿ ಹೊಸದನ್ನು ಕೂರಿಸಿದ. ಜಿಪ್ಪು ಇಳಿಯಿತು. ಎರಡೂ ಪಕ್ಷದವರು ಚಪ್ಪಾಳೆ ತಟ್ಟಿದರು. ಓಂಕಾರಪ್ಪ ಪಾಯಿಜಾಮದಲ್ಲಿ ಹೊರಗೆ ಬಂದು ಗಾಳಿಗೆ ಕಾಲೊಡ್ಡಿದಾಗ ಅವನಿಗೆ ಕಣ್ಣಲ್ಲಿ ನೀರು ಬಂತು.

ಪ್ಯಾಂಟನ್ನು ಕಂಕುಳಲ್ಲಿ ಅವುಚಿಕೊಂಡು ಅವನು ಮನೆ ಸೇರಿದಾಗ ಹಂಸಾ ಇನ್ನೂ ಬಂದಿರಲಿಲ್ಲ. ಬಾಲ್ಕನಿಯಲ್ಲಿ ಪ್ಯಾಂಟನ್ನು ನಿಲ್ಲಿಸಿದ. ಈಗ ಅದಕ್ಕೆ ಹಗ್ಗವೂ ಬೇಕಿರಲಿಲ್ಲ, ಕ್ಲಿಪ್ಪೂ ಬೇಕಿರಲಿಲ್ಲ. ಮೂಸಿ ನೋಡಿದ. ಪ್ಲಾಸ್ಟಿಕ್ ವಾಸನೆ ಪೂರ್ತಿ ಹೋಗಿತ್ತು. ಹೇಳಿದ ಕೆಲಸ ಆಗಿದೆ, ಹೇಳದ ಕೆಲಸವೂ ಆಗಿದೆ. ಅದು ಅವಳ ಮೇಲಿನ ಪ್ರೀತಿಗೆ ಮಾಡಿದ್ದು, ಬೈದರೂ ಎಷ್ಟು ಬೈದಾಳು ಎಂದುಕೊಂಡು ಕೆಳಗೆ ಹೋಗಿ ಘೋಷ್‌ಬಾಬುವಿನ ಜೊತೆ ಒಂದು ಬೋರ್ಡು ಅಭ್ಯಾಸಕ್ಕೆ ಕೂತ. ಬಿಳಿ ಕಾಯಿಗಳು ಒಂದರ ಹಿಂದೊಂದು ಮೂಲೆ ಸೇರತೊಡಗಿದವು. ಭಾನುವಾರ ಗೆದ್ದೇ ಗೆಲ್ಲುತ್ತೇವೆಂದು ಅವನಿಗೆ ಖಾತ್ರಿಯಾಗಿ, ಮನಸ್ಸು ಹಗುರವಾಯಿತು.

ಹಳದಿ ಟ್ಯಾಕ್ಸಿಯೊಂದು ಬಂದು ಮನೆ ಮುಂದೆ ನಿಂತಿತು. ಹಂಸಾ ಇಳಿದಳು. ಅಕ್ಷರಾ ಇಳಿದಳು. ಅವರ ಹಿಂದೆ, ಬಿಳಿ ಕ್ಯಾನ್‌ವಾಸ್ ಶೂ ಹಾಕಿದ ಒಂದು ಕಾಲು ನೆಲ ಮುಟ್ಟಿತು. ಆ ಶೂವನ್ನು ಓಂಕಾರಪ್ಪ ಸಾವಿರ ಶೂಗಳ ನಡುವೆಯೂ ಗುರುತಿಸಬಲ್ಲವನಾಗಿದ್ದ.

"ಯಾಕಪ್ಪ, ಬೆನ್ನು ಬಗ್ಗಿಸಿ ಕುಂತೀಯ? ನೆಟ್ಟಗೆ ಕುಂತ್ಕೋ," ಎಂದರು ಇಂದಿರಮ್ಮ.

ಓಂಕಾರಪ್ಪ ಎದ್ದು ನಮಸ್ಕಾರ ಮಾಡಿದ. ಆಮೇಲೆ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದ, "ನಾನೇ ನೋಡ್ಕಂತೀನಿ ಅಂದಿದ್ನಲ್ಲೇ?"

"ನೀವು ಹೆಂಗೆ ನೋಡ್ಕಂತೀರಿ? ನೀವು ನನ್ನ ಜೊತೆ ಗುಲ್‌ಮಾರ್ಗಿಗೆ ಬರ್ತಿದ್ದೀರಿ."

ಓಂಕಾರಪ್ಪ ಕೈಗಂಟಿದ್ದ ಕೇರಂ ಪೌಡರನ್ನು ಪಾಯಿಜಾಮಕ್ಕೆ ಒರೆಸಿಕೊಂಡ.

"ಈ ಸಲ ಗಂಡ ಹೆಂಡ್ತಿ ಇಬ್ಬರಿಗೂ ಕಂಪನಿಯೋರೇ ಟಿಕೆಟ್ ಕೊಟ್ಟಾರೆ. ನಿಮ್ಮ ಸಾಹೇಬ್ರ ಹತ್ರ ನಾನೇ ಮಾತಾಡಿ ರಜೆ ತಗಂಡೀನಿ. ಎರಡು ತಿಂಗಳ ಹಿಂದೇನೇ ಅಮ್ಮಂಗೆ ಬರಕ್ಕೆ ಹೇಳಿದ್ದೆ. ಮೊದ್ಲೇ ನಿಮಗೆ ಹೇಳಿದ್ರೆ ಸೊಂಟ ನೋವು ಬರ್ತಿತ್ತು, ಪುರಿಗೆ ಹೊರಟಾಗ ಬಂದಂಗೆ." ಅವಳ ಮುಖದಲ್ಲಿ ಅಪರೂಪದ ನಾಚಿಕೆಯಿತ್ತು. "ಮದುವೆ ಆಗಿ ಹತ್ತು ವರ್ಷ ಆತು. ಒಂದು ಸಲನೂ ಇಬ್ಬರೂ ಎಲ್ಲೂ ಹೋಗಿಲ್ಲ."

ಅಕ್ಷರಾ ಕುಣಿಯುತ್ತ ಹೇಳಿದಳು, "ಸರ್‌ಪ್ರೈಜ್, ಅಪ್ಪಾ. ನಂಗೆ ಸಬ್ ಪತಾ ಥಾ, ಎಲ್ಲಾ ಗೊತ್ತಿತ್ತು."

ಓಂಕಾರಪ್ಪನಿಗೆ ಒಂದು ಕ್ಷಣ ಎದೆ ತುಂಬಿ ಬಂತು. ಮರುಕ್ಷಣ ಭಾನುವಾರ ನೆನಪಾಯಿತು. ಜಗಲಿಯಿಂದ ಘೋಷ್‌ಬಾಬು 'ಗುಲ್‌ಮಾರ್ಗ್' ಎಂಬ ಮಾತು ಕಿವಿಗೆ ಬಿದ್ದು, ಹೋಗಬೇಡಿರೆಂದು ಕಣ್ಣಿನಲ್ಲೇ ಬೇಡುತ್ತಿದ್ದರು. ಸೊಂಟ ನೋವಿನ ಬಾಗಿಲು ಮುಚ್ಚಿತ್ತು. ಬೇರೆ ಯಾವುದಾದರೂ ಕಿಟಕಿ ಹುಡುಕಬೇಕಿತ್ತು. ಸಿಕ್ಕಿತು.

"ನನಗೂ ಬರೋ ಆಸೆ ಐತೆ. ಆದ್ರೆ ಹಿಮದಾಗೆ ಹಾಕ್ಕಣಕ್ಕೆ ನನ್ನ ಹತ್ರ ಪ್ಯಾಂಟೇ ಇಲ್ಲಲ್ಲ. ಪಾಯಿಜಾಮದಾಗೆ ಬಂದು ನಿನ್ನ ಆಫೀಸಿನೋರ ಮುಂದೆ ನಿನ್ನ ಮಾನ ಯಾಕ್ ಕಳೀಲಿ?"

ಹಂಸಾ ನಕ್ಕಳು. "ಮತ್ತೆ ಬಾಲ್ಕನಿನಾಗೆ ಬಿಸಿಲಿಗೆ ಹಾಕಕ್ಕೆ ಹೇಳಿದ್ದು ಯಾರದು ಅಂದ್ಕಂಡ್ರಿ? ನಂದು ನಿನ್ನೇನೇ ಸೂಟ್‌ಕೇಸಿಗೆ ಸೇರೈತೆ. ಅದು ನಿಮ್ದು. ಅಲ್ಲಿ ಅಂಗಡಿನಾಗೆ ಗಂಡಸ್ರದ್ದು ಖಾಲಿ ಆಗಿತ್ತಂತೆ. ಹೆಂಗಸ್ರದ್ದರಲ್ಲೇ ಉದ್ದಂದು, ನಿಮ್ಮ ಸೊಂಟಕ್ಕೆ ಸರಿಹೋಗೋದು, ಹುಡುಕಿ ಹುಡುಕಿ ತಂದಾಳೆ ಅಪೂರ್ವಾ. ಹೂವು ಕಾಣದಂಗೆ ಶರ್ಟ್ ಬಿಟ್ಕಂಡ್ರಾತು."

ಕನ್ನಡ ಬಾರದಿದ್ದರೂ ಓಂಕಾರಪ್ಪನ ಮುಖ ನೋಡಿಯೇ ಜಗಲಿಯವರಿಗೆ ವಿಷಯ ತಿಳಿಯಿತು. ಟ್ಯಾಕ್ಸಿಯ ಸದ್ದಿಗೆ ಹೊರಗೆ ಬಂದಿದ್ದ ಬೌದಿ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಒಳಗೆ ಹೋದರು. ಘೋಷ್‌ಬಾಬು ನೇರಳೆ ಬಣ್ಣದ ಎರಡೂ ಮಣಿಕಟ್ಟುಗಳನ್ನು ಮೆಲ್ಲಗೆ ಶಾಲಿನೊಳಗೆ ಸೇರಿಸಿಕೊಂಡರು. ಹಂಸಾ ಇವರನ್ನೆಲ್ಲ ನೋಡಿ, ತಲೆಯೆತ್ತಿ ಬಾಲ್ಕನಿ ನೋಡಿದಳು. ಅಲ್ಲಿ ಗಿಡ್ಡ, ದಪ್ಪ, ನೇರಳೆ ಪ್ಯಾಂಟೊಂದು ಕಂಬಿಯ ಪಕ್ಕ ನಿಂತು ಗಲ್ಲಿಯನ್ನು ವೀಕ್ಷಿಸುತ್ತಿತ್ತು.

ತಪ್ಪು ಹುಡುಕುವುದು ಅವಳ ಕಸುಬು. ಈ ಸಲ ಹುಡುಕುವ ಶ್ರಮವೇ ಇರಲಿಲ್ಲ. ಹತ್ತಿ, ಕತ್ತರಿ, ಹೊಲಿಗೆ, ಹೊಸ ಜಿಪ್ಪು, ಎಲ್ಲವನ್ನೂ ಓಂಕಾರಪ್ಪ ತಲೆ ತಗ್ಗಿಸಿ ತಾನೇ ಒಪ್ಪಿಸಿದ. ಬೈಗುಳಕ್ಕೆ ಕಾದ. ಹಂಸಾ ಬೈಯಲಿಲ್ಲ, ಕೇಳಿದಳು.

"ನನಗೆ ಚಳಿಯಾಗುತ್ತೆ ಅಂತ ಮಾಡಿಸಿದ್ರಾ?"

"ಹೂಂ."

"ಒಳ್ಳೇದಾತು. ಈಗ ನಿಮಗೆ ಚಳಿ ಆಗಲ್ಲ. ಹೊರಡ್ರಿ, ರೈಲಿಗೆ ಟೈಮಾತು."

"ಹಂಸಾ, ಭಾನುವಾರ ಫೈನಲ್ ಐತೆ," ಎಂದ ಓಂಕಾರಪ್ಪ, ಕೊನೆಗೂ ನಿಜ ಬಾಯಿಬಿಟ್ಟು. "ನಾನು ಇಲ್ಲದಿದ್ರೆ ಘೋಷ್‌ಬಾಬುಗೆ ಜೋಡಿಯೇ ಇಲ್ಲ. ಇಡೀ ಗಲ್ಲಿ ನನ್ನ ಮ್ಯಾಲೆ ನಂಬಿಕೆ ಇಟ್ಟೈತೆ."

ಇಷ್ಟು ಹೊತ್ತೂ ಕೇರಂ ಬೋರ್ಡನ್ನೇ ನೋಡುತ್ತ ನಿಂತಿದ್ದ ಇಂದಿರಮ್ಮ ಕೈಚೀಲ ಕೆಳಗಿಟ್ಟರು. ಸೆರಗು ಸಿಕ್ಕಿಸಿಕೊಂಡು, ಸ್ಟ್ರೈಕರ್ ಎತ್ತಿಕೊಂಡು, ಮಗಳಿಗೆ ಹೇಳಿದರು. "ಮೂರು ವರ್ಷ ಜಿಲ್ಲೆಗೆ ಕೇರಂ ಆಡ್ಸಿದ್ದೆ ಹುಡುಗೇರ್ನ. ಈ ಬೋರ್ಡು ಪೌಡರ್ ಜಾಸ್ತಿ ತಿಂದೈತೆ." ಅವರ ಬೆರಳು ಚಿಟಿಕೆ ಹೊಡೆದಷ್ಟು ಹಗುರವಾಗಿ ಅಲುಗಿತು. ಸ್ಟ್ರೈಕರ್ ಎದುರಿನ ಅಂಚಿಗೆ ಬಡಿದು ಹಿಂದಕ್ಕೆ ಬಂದು, ನಟ್ಟನಡುವೆ ಇದ್ದ ಕೆಂಪು ರಾಣಿಯನ್ನು ಮೂಲೆಗೆ ತಳ್ಳಿತು. ಇನ್ನೊಂದು ಚಿಟಿಕೆಗೆ ಅದರ ಹಿಂದೆಯೇ ಒಂದು ಬಿಳಿ ಕಾಯಿ ಹೋಯಿತು.

ಘೋಷ್‌ಬಾಬು ಮಂಕಿ ಟೋಪಿ ತೆಗೆದರು. ಡಿಸೆಂಬರಿನಲ್ಲಿ ಅವರ ತಲೆಗೂದಲನ್ನು ಆ ಗಲ್ಲಿ ಕಂಡದ್ದು ಅದೇ ಮೊದಲು.

ಪ್ಯಾಂಟು ಯಾವ ಸೂಟ್‌ಕೇಸಿಗೂ ಹಿಡಿಸಲಿಲ್ಲ, ಡಿಕ್ಕಿಗೂ ಹಿಡಿಸಲಿಲ್ಲ. ಕೊನೆಗೆ ಅದನ್ನು ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ನಿಲ್ಲಿಸಿದರು. ಹಿಂದಿನ ಸೀಟಿನ ಮೂಲೆಯಲ್ಲಿ ಓಂಕಾರಪ್ಪ ಕೂತ. ಅಜ್ಜಿಯ ಕೈ ಹಿಡಿದು ಅಕ್ಷರಾ ಟಾಟಾ ಮಾಡಿದಳು. ಘೋಷ್‌ಬಾಬು ಓಡಿ ಬಂದು ಕಿಟಕಿಯಲ್ಲಿ ಬಗ್ಗಿ, ಓಂಕಾರಪ್ಪನ ಭುಜವನ್ನು ಪ್ರೀತಿಯಿಂದ ಒತ್ತಿದರು. ಅವರ ಮುಖ ಗೆದ್ದವರ ಮುಖದಂತೆ ಹೊಳೆಯುತ್ತಿತ್ತು.

"ಯಾವ ಚಿಂತೆಯೂ ಇಲ್ಲದೆ ಹೋಗಿಬನ್ನಿ, ಮದ್ರಾಸಿಬಾಬು. ಇಲ್ಲಿ ಇಂದಿರಾ ದೀದಿ ಇದ್ದಾರಲ್ಲ."